ಅಮೆರಿಕದಲ್ಲಿ ಕಂಪನಿ ಖರ್ಚಿನಲ್ಲಿ ಟ್ರಕ್ ಕಲಿಯುವುದು: ಸಹಿ ಹಾಕುವ ಮೊದಲು, ಹಾಕಿದ ಮೇಲೆ

ತಿಂಗಳಿಗೆ ಒಬ್ಬರಾದರೂ ಫೋನ್ ಮಾಡಿ ಇದೇ ಮಾತು ಕೇಳುತ್ತಾರೆ. "ಅಣ್ಣಾ, ಟ್ರಕ್ ಕಂಪನಿಯವರೇ ಪುಕ್ಕಟೆ ಡ್ರೈವಿಂಗ್ ಕಲಿಸಿ ಕೆಲಸಾನೂ ಕೊಡ್ತಾರಂತೆ, ನಿಜಾನಾ?" ನಿಜ. ನಾನೂ ಹಾಗೇ ಕಲಿತೆ. ಆದರೆ ಪುಕ್ಕಟೆ ಅನ್ನುವ ಮಾತನ್ನು ಮೊದಲು ಬಿಡಿಸಿ ಹೇಳಬೇಕು. ಕಂಪನಿ ಶಾಲೆಯ ಫೀಸು ಕಟ್ಟುತ್ತದೆ. ಅದಕ್ಕೆ ಬದಲಾಗಿ ಸುಮಾರು ಒಂದು ವರ್ಷ ಅವರಲ್ಲೇ ಗಾಡಿ ಓಡಿಸುತ್ತೇನೆ ಎಂದು ನೀವು ಬರೆದುಕೊಡುತ್ತೀರಿ. ಆ ವರ್ಷ ಹೇಗಿರುತ್ತದೆ ಎಂದು ತಿಳಿದುಕೊಂಡು ಸಹಿ ಹಾಕಿದರೆ ದಾಟಬಹುದು. ತಿಳಿಯದೆ ಹಾಕಿದವರು ಮೂರನೇ ತಿಂಗಳಿಗೆ ಕೆಲಸ ಬಿಟ್ಟು, ಸಾಲ ಹೊತ್ತು ಮನೆಗೆ ಬಂದದ್ದನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು ಅರಸೀಕೆರೆ ಕಡೆ. ಊರಲ್ಲಿ ಹನ್ನೊಂದು ವರ್ಷ ಲಾರಿ ಓಡಿಸಿದ್ದೆ. ತಿಪಟೂರಿನಿಂದ ಕೊಬ್ಬರಿ ತುಂಬಿಕೊಂಡು ಉತ್ತರದ ಕಡೆ ಹೋಗುವುದು, ಬರುವಾಗ ಸಿಕ್ಕಿದ ಲೋಡು ಹಾಕಿಕೊಂಡು ಬರುವುದು. ಅಕ್ಕ 2004ರಲ್ಲಿ ಹಾಕಿದ ಅರ್ಜಿಗೆ 2019ರಲ್ಲಿ ವೀಸಾ ಬಂತು. ಇಂಡಿಯಾನಾಪೊಲಿಸ್‌ಗೆ ಬಂದು ಮೂರು ವರ್ಷ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದೆ. 2022ರ ಅಕ್ಟೋಬರ್‌ನಲ್ಲಿ ಟ್ರಕ್ ಕಲಿಯಲು ಸೇರಿದೆ. ಊರಿನ ಹನ್ನೊಂದು ವರ್ಷವನ್ನು ನಾನು ಕೇಳಿದ ಯಾವ ಕಂಪನಿಯೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇಲ್ಲಿ ಎಲ್ಲರೂ ಸೊನ್ನೆಯಿಂದಲೇ ಶುರು. ನೀವು ಊರಲ್ಲಿ ಲಾರಿ ಓಡಿಸಿದವರಾದರೂ ಅಷ್ಟೇ, ಕಾರು ಮಾತ್ರ ಓಡಿಸಿದವರಾದರೂ ಅಷ್ಟೇ.

'ಸ್ಪಾನ್ಸರ್' ಅಂದರೆ ವೀಸಾ ಅಲ್ಲ

ನಮ್ಮವರಿಗೆ ಈ ಒಂದು ಪದ ತುಂಬಾ ಮೋಸ ಮಾಡುತ್ತದೆ. ಕಂಪನಿ ಸ್ಪಾನ್ಸರ್ ಮಾಡುತ್ತದೆ ಅಂದ ಕೂಡಲೇ ಊರಲ್ಲಿರುವವರು ವೀಸಾ ಅಂದುಕೊಳ್ಳುತ್ತಾರೆ. ಇಲ್ಲಿ ಸ್ಪಾನ್ಸರ್ ಮಾಡುವುದು ತರಬೇತಿಯ ಖರ್ಚನ್ನು ಮಾತ್ರ. ಅಮೆರಿಕದಲ್ಲಿ ಕೆಲಸ ಮಾಡುವ ಹಕ್ಕು ನಿಮಗೆ ಮೊದಲೇ ಇರಬೇಕು. 2025ರ ಆಗಸ್ಟ್ 21ರಂದು ಇಲ್ಲಿನ ವಿದೇಶಾಂಗ ಸಚಿವ ಮಾರ್ಕೊ ರೂಬಿಯೊ, ಟ್ರಕ್ ಚಾಲಕರಿಗೆ ಕೆಲಸದ ವೀಸಾ ಕೊಡುವುದನ್ನು ನಿಲ್ಲಿಸಿದ್ದೇವೆ ಎಂದು ಪ್ರಕಟಿಸಿದರು. ಆದ್ದರಿಂದ ಹಾಸನದಲ್ಲೋ ದಾವಣಗೆರೆಯಲ್ಲೋ ಕುಳಿತ ಏಜೆಂಟು "ಅಮೆರಿಕದ ಟ್ರಕ್ ಕಂಪನಿ ವೀಸಾ ಮಾಡಿಸಿಕೊಡ್ತೀನಿ, ಇಷ್ಟು ಲಕ್ಷ ಕೊಡಿ" ಅಂದರೆ ದಯವಿಟ್ಟು ದುಡ್ಡು ಕೊಡಬೇಡಿ. ಹೊಲ ಅಡ ಇಟ್ಟು ಕೊಡುವವರಿದ್ದಾರೆ. ನೆನೆದರೆ ಹೊಟ್ಟೆ ಉರಿಯುತ್ತದೆ.

ಇಲ್ಲಿನ ಪೌರರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ದಾರಿ ನೇರವಾಗಿದೆ. ಬೇರೆ ವರ್ಕ್ ಪರ್ಮಿಟ್ ಮೇಲೆ ಇರುವವರಿಗೆ ಟ್ರಕ್ ಲೈಸೆನ್ಸ್ ಕೊಡುವ ನಿಯಮವನ್ನು ಫೆಡರಲ್ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಬಹಳ ಬಿಗಿ ಮಾಡಿತು. ಅದು ಕೋರ್ಟಿಗೂ ಹೋಯಿತು. ಹಾಗಾಗಿ ಅಂಥವರು ಸೇರುವ ಮೊದಲು ವಲಸೆ ವಕೀಲರನ್ನು ಒಮ್ಮೆ ಕಂಡು ಬನ್ನಿ. ಕಂಪನಿಯ ನೇಮಕಾತಿಯವರ ಮಾತು ಇದಕ್ಕೆ ಸಾಲದು.

ರಾಜ್ಯದಿಂದ ರಾಜ್ಯಕ್ಕೆ ಸರಕು ಒಯ್ಯಲು 21 ವರ್ಷ ತುಂಬಿರಬೇಕು. ಕಳೆದ 10 ವರ್ಷದ ಕೆಲಸದ ವಿವರ ಕೇಳುತ್ತಾರೆ. ಊರಲ್ಲಿ ಮಾಡಿದ ಕೆಲಸವನ್ನೂ ತಿಂಗಳು ಸಹಿತ ಬರೆದಿಟ್ಟುಕೊಳ್ಳಿ. ಖಾಲಿ ಬಿಟ್ಟರೆ ಅಲ್ಲೇ ಅರ್ಜಿ ನಿಂತುಬಿಡುತ್ತದೆ.

ಇನ್ನು ಇಂಗ್ಲಿಷ್. ಚಾಲಕನಿಗೆ ಇಂಗ್ಲಿಷ್ ಓದಲು, ಮಾತಾಡಲು ಬರಬೇಕು ಎಂಬ ನಿಯಮ ಹಳೆಯದೇ. ಆದರೆ 2025ರ ಜೂನ್ 25ರಿಂದ ಅದನ್ನು ರಸ್ತೆಯಲ್ಲೇ ಪರೀಕ್ಷೆ ಮಾಡಿ, ಉತ್ತರ ಕೊಡಲಾಗದವರನ್ನು ಅಲ್ಲೇ ಕೆಳಗಿಳಿಸುತ್ತಾರೆ. ವ್ಯಾಕರಣ ಯಾರೂ ಕೇಳುವುದಿಲ್ಲ. ಎಲ್ಲಿಂದ ಬರುತ್ತಿದ್ದೀರಿ, ಏನು ಲೋಡು, ಎಷ್ಟು ಗಂಟೆಯಿಂದ ಓಡಿಸುತ್ತಿದ್ದೀರಿ, ಈ ಫಲಕದ ಅರ್ಥವೇನು ಅಂತ ಕೇಳುತ್ತಾರೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಮಗಳನ್ನು ಎದುರಿಗೆ ಕೂರಿಸಿಕೊಂಡು, ಅವಳನ್ನೇ ಪೊಲೀಸ್ ಮಾಡಿ, ದಿನಾ ಅರ್ಧ ಗಂಟೆ ಅಭ್ಯಾಸ ಮಾಡಿದೆ. ನಾಚಿಕೆ ಬಿಟ್ಟು ಜೋರಾಗಿ ಮಾತಾಡಿ. ಬಾಯಿ ತಿರುಗುವುದು ಹಾಗೇ.

ಮೈ, ಮೂತ್ರ, ಗಸಗಸೆ

ಸರ್ಕಾರ ಗುರುತಿಸಿದ ವೈದ್ಯರ ಹತ್ತಿರ ದೇಹ ಪರೀಕ್ಷೆ ಆಗಬೇಕು. ಬಿಪಿ 140/90ಕ್ಕಿಂತ ಕೆಳಗಿದ್ದರೆ ಎರಡು ವರ್ಷದ ಸರ್ಟಿಫಿಕೇಟ್ ಸಿಗುತ್ತದೆ. ಜಾಸ್ತಿ ಇದ್ದರೆ ಅವಧಿ ಕಡಿಮೆ ಆಗುತ್ತದೆ. ಒಂದೊಂದು ಕಣ್ಣಿಗೂ 20/40 ದೃಷ್ಟಿ ಬೇಕು, ಕನ್ನಡಕ ಹಾಕಿಕೊಂಡು ಬಂದರೂ ಸರಿ. ಸಕ್ಕರೆ ಕಾಯಿಲೆ ಇದ್ದರೆ ಹೆದರಿ ಮುಚ್ಚಿಡಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೂ 2018ರ ನವೆಂಬರ್‌ನಿಂದ ದಾರಿ ಇದೆ, ನಿಮ್ಮ ವೈದ್ಯರು ಒಂದು ಫಾರಂ ತುಂಬಿಕೊಡಬೇಕು ಅಷ್ಟೇ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮಾತ್ರ ಕಷ್ಟ. ಕಂಪನಿಗೆ ಹೋಗುವ ಒಂದು ತಿಂಗಳು ಮೊದಲೇ ನಿಮ್ಮ ವೈದ್ಯರ ಹತ್ತಿರ ಬಿಪಿ, ಸಕ್ಕರೆ ನೋಡಿಸಿಕೊಳ್ಳಿ. ನನಗೆ 148 ಇತ್ತು. ಉಪ್ಪಿನಕಾಯಿ ಬಿಟ್ಟು, ಬೆಳಿಗ್ಗೆ ನಡೆದು, ಮಾತ್ರೆ ಶುರು ಮಾಡಿ 132ಕ್ಕೆ ತಂದೆ.

ಮಾದಕ ವಸ್ತುವಿನ ಪರೀಕ್ಷೆ ಎಲ್ಲರಿಗೂ ಇದೆ. ಕೆಲವು ಕಂಪನಿ ಕೂದಲನ್ನೂ ಪರೀಕ್ಷಿಸುತ್ತವೆ. ರಾಜ್ಯದಲ್ಲಿ ಗಾಂಜಾ ಕಾನೂನುಬದ್ಧ ಇದ್ದರೂ ಟ್ರಕ್ ಚಾಲಕನಿಗೆ ಅದು ನಿಷಿದ್ಧವೇ. ಒಮ್ಮೆ ಫೇಲಾದರೆ ಕ್ಲಿಯರಿಂಗ್‌ಹೌಸ್ ಎಂಬ ಫೆಡರಲ್ ದಾಖಲೆಗೆ ಹೆಸರು ಸೇರುತ್ತದೆ. 2020ರ ಜನವರಿಯಿಂದ ಎಲ್ಲ ಕಂಪನಿಗಳೂ ಕೆಲಸ ಕೊಡುವ ಮೊದಲು ಅದನ್ನು ನೋಡಲೇಬೇಕು. ನಮ್ಮವರಿಗೆ ಮಾತ್ರ ಹೇಳಬೇಕಾದ ಮಾತೊಂದಿದೆ. ಪರೀಕ್ಷೆಗೆ ಹೋಗುವ ವಾರ ಗಸಗಸೆ ಪಾಯಸ, ಗಸಗಸೆ ಅರೆದು ಹಾಕಿದ ಸಾಗು, ಕುರ್ಮಾ ಯಾವುದೂ ಬೇಡ. ಗಸಗಸೆಯಿಂದ ಮೂತ್ರದಲ್ಲಿ ಅಫೀಮಿನ ಅಂಶ ಕಾಣಿಸಿಕೊಳ್ಳಬಹುದು. ಇಲ್ಲಿನ ರಕ್ಷಣಾ ಇಲಾಖೆಯೇ 2023ರಲ್ಲಿ ತನ್ನ ಸೈನಿಕರಿಗೆ ಗಸಗಸೆ ತಿನ್ನಬೇಡಿ ಎಂದು ಎಚ್ಚರಿಕೆ ಕೊಟ್ಟಿತ್ತು. ನಾವು ಹಬ್ಬದ ಮಾರನೇ ದಿನ ಹೋಗಿ ಲೋಟ ಹಿಡಿಯುವವರು, ಯೋಚಿಸಿ.

ಕರಾರು ಪತ್ರ

ಇಲ್ಲಿ ನಿಧಾನವಾಗಿ ಓದಿ. ಎಲ್ಲರೂ ಎಡವುವುದು ಇಲ್ಲೇ, ನಾನೂ ಎಡವಿದೆ.

ನನ್ನ ಕಂಪನಿಯವರು ಮೊದಲ ದಿನ ಬೆಳಿಗ್ಗೆ ಹದಿನಾಲ್ಕು ಪುಟದ ಕಾಗದ ಕೊಟ್ಟರು. ಬೇರೆ ರಾಜ್ಯದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದಿದ್ದೆವು. ಕಣ್ಣು ಎಳೆಯುತ್ತಿತ್ತು. ಎಲ್ಲರೂ ಸಹಿ ಹಾಕಿದರು, ನಾನೂ ಹಾಕಿದೆ. ಶಾಲೆಯ ಫೀಸು 6,000 ಡಾಲರ್, ಹನ್ನೆರಡು ತಿಂಗಳು ಕೆಲಸ ಮಾಡಿದರೆ ಮಾಫಿ ಎಂದಷ್ಟೇ ಗೊತ್ತಿತ್ತು. ಹನ್ನೆರಡು ತಿಂಗಳು ಯಾವ ದಿನದಿಂದ ಅಂತ ನೋಡಿರಲಿಲ್ಲ. ಲೈಸೆನ್ಸ್ ಬಂದ ದಿನದಿಂದ ಎಂದುಕೊಂಡಿದ್ದೆ. ಕಾಗದದಲ್ಲಿ ಇದ್ದದ್ದು ಒಬ್ಬನೇ ಗಾಡಿ ಹಿಡಿದ ದಿನದಿಂದ. ಲೈಸೆನ್ಸ್ ಬಂದ ಮೇಲೆ ಟ್ರೈನರ್ ಜೊತೆ ಕಳೆದ ವಾರಗಳು ಲೆಕ್ಕಕ್ಕೇ ಇಲ್ಲ. ಹನ್ನೆರಡು ತಿಂಗಳು ಹದಿನಾಲ್ಕಾಯಿತು. ಆ ನಡುವೆ ಮಗಳ ಹೈಸ್ಕೂಲ್ ಪದವಿ ಸಮಾರಂಭವೂ ತಪ್ಪಿತು.

ಆದ್ದರಿಂದ ಕರಾರು ಪತ್ರವನ್ನು ಹೊರಡುವ ಮೊದಲೇ ಇಮೇಲ್‌ನಲ್ಲಿ ಕಳಿಸಿ ಎಂದು ಕೇಳಿ. ಕಳಿಸುವುದಿಲ್ಲ ಅನ್ನುವ ಕಂಪನಿ ನಿಮಗೆ ಬೇಡ. ಬಂದ ಮೇಲೆ ಇಂಗ್ಲಿಷ್ ಚೆನ್ನಾಗಿ ಬರುವ ಯಾರಾದರೂ ಜೊತೆಯಲ್ಲಿ ಕೂತು ಓದಲಿ. ಒಟ್ಟು ಸಾಲ ಎಷ್ಟು? ಬಡ್ಡಿ ಇದೆಯಾ? ವರ್ಷದ ಲೆಕ್ಕ ಯಾವ ದಿನದಿಂದ? ಆರು ತಿಂಗಳು ಮಾಡಿ ಬಿಟ್ಟರೆ ಅರ್ಧ ಕಟ್ಟಬೇಕಾ, ಪೂರ್ತಿ ಕಟ್ಟಬೇಕಾ? ಪರೀಕ್ಷೆಯಲ್ಲಿ ಫೇಲಾದರೆ? ಅವರೇ ಕೆಲಸದಿಂದ ತೆಗೆದರೆ? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಕೆಲವು ಕರಾರುಗಳಲ್ಲಿ ಅವರು ತೆಗೆದುಹಾಕಿದರೂ ಸಾಲ ನಿಮ್ಮ ತಲೆಯ ಮೇಲೆಯೇ ಇರುತ್ತದೆ. ಸಣ್ಣ ಅಪಘಾತಕ್ಕೆ ಕೆಲಸ ಹೋಗಿ, ಜೊತೆಗೆ ಸಾಲವೂ ಉಳಿದರೆ ಮನೆ ನಡೆಯುವುದು ಹೇಗೆ?

ನನ್ನ ತರಗತಿಯಲ್ಲಿ ಒಬ್ಬ ತೆಲುಗು ಹುಡುಗ ಇದ್ದ. ಬುದ್ಧಿವಂತ, ಗಾಡಿಯೂ ಚೆನ್ನಾಗಿ ಓಡಿಸುತ್ತಿದ್ದ. ಮೂರನೇ ತಿಂಗಳು ಮನೆ ನೆನಪಾಗಿ ಬಿಟ್ಟುಬಿಟ್ಟ. ವಸೂಲಿ ಏಜೆನ್ಸಿಯ ಪತ್ರ ಬಂತು, ಕ್ರೆಡಿಟ್ ಸ್ಕೋರ್ ಬಿತ್ತು. ಮೂರು ತಿಂಗಳ ಅನುಭವಕ್ಕೆ ಬೇರೆ ಕಂಪನಿಯೂ ಬಾಗಿಲು ತೆರೆಯಲಿಲ್ಲ. ಮನೆ ಬಿಟ್ಟು ಎಷ್ಟು ದಿನ ಇರಬೇಕು ಎಂಬುದನ್ನು ಅವನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ದೂರದ ಓಟದಲ್ಲಿ ಮೂರು ವಾರ ಹೊರಗೆ, ಮೂರು ದಿನ ಮನೆ ಅನ್ನುವುದು ಸಾಮಾನ್ಯ. ಹೆಂಡತಿ ಮಕ್ಕಳ ಜೊತೆ ಕೂತು ಮಾತಾಡಿ ಆಮೇಲೆ ಅರ್ಜಿ ಹಾಕಿ.

ಷ್ನೈಡರ್, ಪ್ರೈಮ್, ರೋಲ್, ನೈಟ್-ಸ್ವಿಫ್ಟ್, ಸಿಆರ್‌ಎಸ್‌ಟಿ ಇವೆಲ್ಲ ಹೊಸಬರನ್ನು ತೆಗೆದುಕೊಳ್ಳುವ ದೊಡ್ಡ ಕಂಪನಿಗಳು. ಒಬ್ಬೊಬ್ಬರ ಪದ್ಧತಿ ಒಂದೊಂದು ರೀತಿ. ಕೆಲವರು ಕಲಿಯುವಾಗಲೇ ಸಂಬಳ ಕೊಡುತ್ತಾರೆ, ಕೆಲವರು ಶಾಲೆ ಮುಗಿಯುವ ತನಕ ಒಂದು ಕಾಸೂ ಕೊಡುವುದಿಲ್ಲ. ಎರಡು ತಿಂಗಳ ಮನೆ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಹೊರಡಿ. ಶಾಲೆ ಯಾವುದೇ ಇರಲಿ, ಅದು ಫೆಡರಲ್ ಸರ್ಕಾರದ ಟ್ರೈನಿಂಗ್ ಪ್ರೊವೈಡರ್ ರಿಜಿಸ್ಟ್ರಿಯಲ್ಲಿ ಇದೆಯಾ ನೋಡಿ. 2022ರ ಫೆಬ್ರವರಿ 7ರಿಂದ, ಆ ಪಟ್ಟಿಯಲ್ಲಿ ಇಲ್ಲದ ಕಡೆ ಕಲಿತರೆ ಪರೀಕ್ಷೆಗೇ ಕೂರಿಸುವುದಿಲ್ಲ.

ಒಂದು ಕಾಗದಕ್ಕೆ ಮಾತ್ರ ಸಹಿ ಹಾಕಲೇಬೇಡಿ. ಕೆಲವು ತಿಂಗಳಾದ ಮೇಲೆ "ಸ್ವಂತ ಗಾಡಿ ಮಾಡ್ಕೊಳ್ಳಿ, ನಮ್ಮಿಂದಲೇ ಲೀಸ್‌ಗೆ ತಗೊಳ್ಳಿ" ಎಂದು ಬರುತ್ತಾರೆ. ಕಂತು, ಡೀಸೆಲ್, ರಿಪೇರಿ, ವಿಮೆ ಎಲ್ಲ ನಿಮ್ಮ ತಲೆಗೆ. ಲೋಡು ಕೊಡುವುದು ಬಿಡುವುದು ಅವರ ಕೈಯಲ್ಲಿ. ಸರ್ಕಾರ ನೇಮಿಸಿದ ಸಮಿತಿಯೊಂದು ಇಂಥ ಯೋಜನೆಗಳನ್ನು ಪರಿಶೀಲಿಸಿ, 2025ರ ಜನವರಿಯಲ್ಲಿ ಇವನ್ನು ನಿಷೇಧಿಸಬೇಕು ಎಂದೇ ವರದಿ ಕೊಟ್ಟಿತು. ಊರಲ್ಲಿ ಫೈನಾನ್ಸ್ ಕಂತು ಕಟ್ಟಲಾಗದೆ ಲಾರಿ ಜಪ್ತಿಯಾದ ಮನೆಗಳನ್ನು ನೀವೂ ಕಂಡಿರಬೇಕು. ಇದೂ ಅದೇ ಕಥೆ.

ಕಂಪನಿಯ ಹಂಗೇ ಬೇಡ ಅನ್ನಿಸಿದರೆ ಇನ್ನೊಂದು ದಾರಿ ಇದೆ. ಇಲ್ಲಿ ನೀವಿರುವ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಟ್ರಕ್ ಕೋರ್ಸ್ ಇರಬಹುದು. ಸರ್ಕಾರದ ಉದ್ಯೋಗ ಕಚೇರಿ, ಅಂದರೆ ಅಮೆರಿಕನ್ ಜಾಬ್ ಸೆಂಟರ್‌ಗೆ ಹೋಗಿ ಕೇಳಿದರೆ ಅರ್ಹರಿಗೆ ಫೀಸಿನ ನೆರವು ಸಿಗುತ್ತದೆ. ಅದು ಸಿಕ್ಕರೆ ಯಾವ ಕರಾರೂ ಇಲ್ಲ. ನನಗೆ ಈ ಕಚೇರಿ ಇರುವುದು ಗೊತ್ತಾದದ್ದು ಸಹಿ ಹಾಕಿ ಎರಡು ತಿಂಗಳಾದ ಮೇಲೆ. ನೀವು ಮೊದಲು ಅಲ್ಲಿಗೆ ಹೋಗಿ ಬನ್ನಿ.

ಪರ್ಮಿಟ್

ರಾಜ್ಯದ ಲೈಸೆನ್ಸ್ ಕಚೇರಿಯಲ್ಲಿ ವಾಣಿಜ್ಯ ಚಾಲಕರ ಕೈಪಿಡಿ ಪುಕ್ಕಟೆ ಸಿಗುತ್ತದೆ. ಸಾಮಾನ್ಯ ಜ್ಞಾನ, ಏರ್ ಬ್ರೇಕ್, ಜೋಡು ವಾಹನ (ಟ್ರಕ್ಕಿಗೆ ಟ್ರೇಲರ್ ಸೇರಿಸಿದ್ದು), ಈ ಮೂರು ಲಿಖಿತ ಪರೀಕ್ಷೆ ಪಾಸಾದರೆ ಕಲಿಕಾ ಪರ್ಮಿಟ್. ನೂರಕ್ಕೆ 80 ಬರಬೇಕು. ಪರ್ಮಿಟ್ ಕೈಗೆ ಬಂದು 14 ದಿನ ಆಗದೆ ಓಡಿಸುವ ಪರೀಕ್ಷೆ ಇಲ್ಲ. ಹಾಗಾಗಿ ಪರ್ಮಿಟ್ಟನ್ನು ಮನೆಯಲ್ಲಿದ್ದಾಗಲೇ ಮಾಡಿಸಿಕೊಂಡು ಹೋದರೆ ಶಾಲೆಯಲ್ಲಿ ದಿನ ಉಳಿಯುತ್ತದೆ. ಏರ್ ಬ್ರೇಕ್ ಅಧ್ಯಾಯವನ್ನು ಮೂರು ಸಲ ಓದಿ. ಪರೀಕ್ಷೆ ಒಂದಕ್ಕೇ ಅಲ್ಲ, ಮುಂದೆ ನಿಮ್ಮ ಜೀವ ಅದರ ಮೇಲೇ ನಿಂತಿರುತ್ತದೆ.

ಅಂಗಳದಲ್ಲಿ

ಓಡಿಸುವ ಪರೀಕ್ಷೆಯಲ್ಲಿ ಮೂರು ಭಾಗ. ಗಾಡಿ ತಪಾಸಣೆ, ಹಿಂದಕ್ಕೆ ತೆಗೆಯುವುದು, ರಸ್ತೆ.

ತಪಾಸಣೆ ಅಂದರೆ ಗಾಡಿಯ ಸುತ್ತ ನಡೆದು ಒಂದೊಂದು ಭಾಗವನ್ನೂ ಮುಟ್ಟಿ, ಹೆಸರು ಹೇಳಿ, ಅದು ಸರಿ ಇದೆಯಾ ಎಂದು ಇಂಗ್ಲಿಷಿನಲ್ಲಿ ಹೇಳುವುದು. ದುಭಾಷಿ ಇರುವ ಹಾಗಿಲ್ಲ. ಸ್ಲ್ಯಾಕ್ ಅಡ್ಜಸ್ಟರ್, ಪುಶ್ ರಾಡ್, ಗ್ಲ್ಯಾಡ್ ಹ್ಯಾಂಡ್, ಕಿಂಗ್ ಪಿನ್, ಫಿಫ್ತ್ ವೀಲ್. ಊರಲ್ಲಿ ಇವೆಲ್ಲ ಮೆಕ್ಯಾನಿಕ್ಕಿನ ಮಾತು, ನಮಗೆ ಬೇಕಿರಲಿಲ್ಲ. ನಾನು ಹೆಸರನ್ನೆಲ್ಲ ಕನ್ನಡ ಅಕ್ಷರದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ರಾತ್ರಿ ಹೋಟೆಲ್ ಕೋಣೆಯಲ್ಲಿ ಮಂಚವನ್ನೇ ಟ್ರೇಲರ್ ಮಾಡಿಕೊಂಡು ಸುತ್ತ ನಡೆದು ಹೇಳುತ್ತಿದ್ದೆ. ಮುಂದಿನ ಟಯರ್ ಗೆರೆ ಇಂಚಿನ 32ರಲ್ಲಿ 4 ಭಾಗ ಆಳ ಇರಬೇಕು, ಉಳಿದವಕ್ಕೆ 2 ಸಾಕು. ಇಂಥ ಅಂಕಿಗಳನ್ನು ತಪ್ಪಿಲ್ಲದೆ ಹೇಳಬೇಕು. ಏರ್ ಬ್ರೇಕ್ ಪರೀಕ್ಷೆಯ ಹಂತದಲ್ಲಿ ತಪ್ಪಿದರೆ ಅಲ್ಲಿಗೇ ಫೇಲು. ಎಂಜಿನ್ ಆರಿಸಿ, ಬ್ರೇಕ್ ಒತ್ತಿ ಹಿಡಿದಾಗ ಟ್ರಕ್ಕೂ ಟ್ರೇಲರ್ರೂ ಸೇರಿ ಒಂದು ನಿಮಿಷಕ್ಕೆ 4 ಪಿಎಸ್‌ಐಗಿಂತ ಜಾಸ್ತಿ ಗಾಳಿಯ ಒತ್ತಡ ಇಳಿಯಬಾರದು. ಈ ಹಂತಗಳು ಸ್ನಾನ ಮಾಡುವಾಗಲೂ ಬಾಯಿಗೆ ಬರಬೇಕು.

ಇನ್ನು ಹಿಂದಕ್ಕೆ ತೆಗೆಯುವುದು. ಟ್ರೇಲರ್ ಒಂದೇ 53 ಅಡಿ. ಊರಲ್ಲಿ ಹತ್ತು ಚಕ್ರದ ಲಾರಿ ಎಷ್ಟೇ ಚೆನ್ನಾಗಿ ಹಿಂದಕ್ಕೆ ತೆಗೆದಿದ್ದರೂ ಅದು ಬೇರೆ, ಇದು ಬೇರೆ. ಲಾರಿ ಒಂದೇ ತುಂಡು. ಇದು ನಡುವೆ ಮುರಿಯುತ್ತದೆ. ಎತ್ತು ಬಿಚ್ಚಿದ ಗಾಡಿಯನ್ನು ಮೂಕಿ ಹಿಡಿದು ಹಿಂದಕ್ಕೆ ನೂಕಿದ್ದರೆ ನಿಮಗೆ ಇದು ಬೇಗ ಅರ್ಥವಾಗುತ್ತದೆ. ಮೂಕಿಯನ್ನು ಬಲಕ್ಕೆ ತಳ್ಳಿದರೆ ಗಾಡಿಯ ಹಿಂಭಾಗ ಎಡಕ್ಕೆ ಹೋಗುತ್ತದೆ, ಅಲ್ವಾ? ಇಲ್ಲೂ ಹಾಗೇ. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ. ನೇರ ಹಿಂದಕ್ಕೆ ಹೋಗುವಾಗ ಟ್ರೇಲರ್ ಯಾವ ಕನ್ನಡಿಯಲ್ಲಿ ಜಾಸ್ತಿ ಕಾಣತೊಡಗಿತೋ, ಆ ಕಡೆಗೇ ಸ್ಟೇರಿಂಗ್ ಸ್ವಲ್ಪ ತಿರುಗಿಸಿ. ಸ್ವಲ್ಪ ಅಂದರೆ ಸ್ವಲ್ಪವೇ. ನಾವು ಜಾಸ್ತಿ ತಿರುಗಿಸಿ, ಅದು ತಡವಾಗಿ ತಿರುಗಿ, ಗಾಬರಿಯಿಂದ ವಾಪಸ್ ತಿರುಗಿಸಿ ಹಾವಿನ ಹಾಗೆ ಆಡಿಸುತ್ತೇವೆ. ಬಸವನ ಹುಳು ಹೋದ ಹಾಗೆ ಹೋಗಿ. ಅನುಮಾನ ಬಂದರೆ ನಿಲ್ಲಿಸಿ, ಬ್ರೇಕ್ ಹಾಕಿ, ಇಳಿದು ನೋಡಿ. ಇಲ್ಲಿ ಹಿಂದೆ ನಿಂತು "ಬರ್ಲಿ, ಬರ್ಲಿ, ಹೋಲ್ಡ್" ಅನ್ನಲು ಕ್ಲೀನರ್ ಇಲ್ಲ. ನಿಮಗೆ ನೀವೇ ಕ್ಲೀನರ್.

ಊರಿನ ಅಭ್ಯಾಸಗಳಲ್ಲಿ ಬಿಡಲೇಬೇಕಾದದ್ದು ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡುವುದು. ಶಿರಾಡಿಯಲ್ಲಿ ಡೀಸೆಲ್ ಉಳಿಸಲು ನಾನೂ ಮಾಡಿದ್ದೇನೆ. 80,000 ಪೌಂಡ್, ಅಂದರೆ ಸುಮಾರು 36 ಟನ್ ಗಾಡಿಯನ್ನು ಹಾಗೆ ಇಳಿಸಿದರೆ ಬ್ರೇಕ್ ಕಾದು ಹಿಡಿಯುವುದೇ ಇಲ್ಲ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರು, ಎಂಜಿನ್ ಬ್ರೇಕ್ ಹಾಕಿ. ಸುರಕ್ಷಿತ ವೇಗ 40 ಮೈಲಿ ಎಂದುಕೊಂಡರೆ, ಅದು ಮುಟ್ಟಿದಾಗ ಸುಮಾರು ಮೂರು ಸೆಕೆಂಡು ಗಟ್ಟಿಯಾಗಿ ಬ್ರೇಕ್ ಒತ್ತಿ 35ಕ್ಕೆ ಇಳಿಸಿ, ಬಿಡಿ. ಮತ್ತೆ 40 ಆದಾಗ ಮತ್ತೆ. ಸುಮ್ನೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಇನ್ನೊಂದು, ನಮಗೆ ಇಕ್ಕಟ್ಟಿನ ತಿರುವು ಎಡಕ್ಕೆ. ಇಲ್ಲಿ ಬಲಕ್ಕೆ. ಬಲಕ್ಕೆ ತಿರುಗುವಾಗ ಟ್ರೇಲರಿನ ಹಿಂದಿನ ಚಕ್ರ ಮೂಲೆಯನ್ನು ಕತ್ತರಿಸಿಕೊಂಡು ಬರುತ್ತದೆ. ಪರೀಕ್ಷೆಯಲ್ಲಿ ಅದು ಫುಟ್‌ಪಾತ್ ಹತ್ತಿದರೆ ಮುಗಿಯಿತು. ಕನ್ನಡಿ ನೋಡುತ್ತಲೇ ತಿರುಗಿಸಿ.

ಶಾಲೆಯಲ್ಲಿ ಗೇರು ತಾನೇ ಬದಲಾಗುವ ಗಾಡಿ ಕೊಟ್ಟರೆ, ಲೈಸೆನ್ಸಿನಲ್ಲಿ ಕೈ ಗೇರಿನ ಗಾಡಿಗೆ ನಿರ್ಬಂಧ ಬರುತ್ತದೆ. ಈಗ ದೊಡ್ಡ ಕಂಪನಿಗಳಲ್ಲಿ ಬಹುತೇಕ ಆಟೋಮ್ಯಾಟಿಕ್ಕೇ ಇರುವುದರಿಂದ ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಟ್ರೈನರ್ ಜೊತೆಯ ವಾರಗಳು

ಲೈಸೆನ್ಸ್ ಬಂದ ದಿನ ಎಲ್ಲ ಮುಗಿಯಿತು ಅನ್ನಿಸುತ್ತದೆ. ನನ್ನ ಮಟ್ಟಿಗೆ ನಿಜವಾದ ಶಾಲೆ ಶುರುವಾದದ್ದು ಆಮೇಲೆ. ನಾಲ್ಕರಿಂದ ಎಂಟು ವಾರ ಒಬ್ಬ ಹಳೆಯ ಚಾಲಕನ ಜೊತೆ ಅದೇ ಕ್ಯಾಬಿನ್ನಿನಲ್ಲಿ ಇರಬೇಕು. ಮೇಲೊಂದು ಕೆಳಗೊಂದು ಹಾಸಿಗೆ. ಅವರು ಓಡಿಸುವಾಗ ನೀವು ಮಲಗುವುದು, ನೀವು ಓಡಿಸುವಾಗ ಅವರು.

ನನ್ನ ಮೊದಲ ಟ್ರೈನರ್ ಕೆಟ್ಟವರಲ್ಲ. ಆದರೆ ಅವರಿಗೆ ಗಾಡಿ ಓಡಿದ ಮೈಲಿಗೆ ತಕ್ಕಂತೆ ದುಡ್ಡು. ನನ್ನನ್ನು ಕಲಿಯುವವನು ಅನ್ನುವುದಕ್ಕಿಂತ ಇನ್ನೊಬ್ಬ ಚಾಲಕ ಎಂದೇ ನೋಡಿದರು. ಎರಡನೇ ವಾರವೇ ವಯೋಮಿಂಗಿನಲ್ಲಿ ಐ-80 ಹೆದ್ದಾರಿಯಲ್ಲಿ, ರಾತ್ರಿ, ಗಾಳಿ ಹಿಮ ಎರಡೂ ಇದ್ದಾಗ ಸ್ಟೇರಿಂಗ್ ಕೊಟ್ಟು ಮಲಗಿದರು. ನಾನು ಅದುವರೆಗೆ ಹಿಮದ ಮೇಲೆ ಟ್ರಕ್ ಓಡಿಸಿರಲಿಲ್ಲ. ಮನೆದೇವರನ್ನು ನೆನೆಯುತ್ತಾ 35 ಮೈಲಿ ವೇಗದಲ್ಲಿ ಮುಂದಿನ ಟ್ರಕ್ ಸ್ಟಾಪ್ ತನಕ ತಂದು, ನಿಲ್ಲಿಸಿ, ಅವರನ್ನು ಎಬ್ಬಿಸಿ "ನನ್ನಿಂದ ಆಗೋದಿಲ್ಲ" ಅಂದೆ. ಬೈದರು. ಬೈಸಿಕೊಂಡೆ. ಗೋದಾಮುಗಳಲ್ಲಿ ಬೇಗ ಆಗಲಿ ಎಂದು ಅವರೇ ಹಿಂದಕ್ಕೆ ತೆಗೆಯುತ್ತಿದ್ದರು. ಮೂರು ವಾರದಲ್ಲಿ ನಾನು ಸರಕು ಇಳಿಸುವ ಡಾಕ್‌ಗೆ ಹಚ್ಚಿದ್ದು ಏಳೇ ಸಲ. ಲೆಕ್ಕ ಬರೆದಿಟ್ಟಿದ್ದೆ.

ಆ ಲೆಕ್ಕವೇ ನನ್ನನ್ನು ಕಾಪಾಡಿತು. ಕಂಪನಿಯ ತರಬೇತಿ ವಿಭಾಗಕ್ಕೆ ಫೋನ್ ಮಾಡಿ, ದಿನಾಂಕ ಸಹಿತ ಹೇಳಿ, ಬೇರೆ ಟ್ರೈನರ್ ಕೊಡಿ ಎಂದು ಕೇಳಿದೆ. ನಾಲ್ಕು ದಿನ ಸಂಬಳವಿಲ್ಲದೆ, ಕಂಪನಿಯ ಗಾಡಿಗಳು ನಿಲ್ಲುವ ಟರ್ಮಿನಲ್‌ನಲ್ಲಿ ಕಾಯಬೇಕಾಯಿತು. ಆಮೇಲೆ ಸಿಕ್ಕವರು ಅಲಬಾಮಾದ ಒಬ್ಬ ಹಿರಿಯರು. ಭಾನುವಾರ ಖಾಲಿ ಜಾಗ ಹುಡುಕಿ, ಎರಡು ಹಳದಿ ಡಬ್ಬ ಇಟ್ಟು, ನಲವತ್ತು ಸಲ ಹಿಂದಕ್ಕೆ ತೆಗೆಸುತ್ತಿದ್ದರು. ನಾನು ಇವತ್ತು ಧೈರ್ಯವಾಗಿ ಗಾಡಿ ಹಚ್ಚುತ್ತಿದ್ದರೆ ಅದು ಅವರು ಕೊಟ್ಟ ವಿದ್ಯೆ.

ಹಾಗಾಗಿ ದಿನಾ ಬರೆದಿಡಿ. ಎಷ್ಟು ಗಂಟೆ ಓಡಿಸಿದೆ, ಎಷ್ಟು ಸಲ ಹಿಂದಕ್ಕೆ ತೆಗೆದೆ, ಟ್ರೈನರ್ ಪಕ್ಕದಲ್ಲಿ ಎಚ್ಚರವಿದ್ದರೋ ಮಲಗಿದ್ದರೋ. ಸಿಗರೇಟು ಆಗುವುದಿಲ್ಲ ಅಂದರೆ ಮೊದಲೇ ಹೇಳಿ. ಹೆಣ್ಣುಮಕ್ಕಳು ಮಹಿಳಾ ಟ್ರೈನರ್ ಬಗ್ಗೆ ಸೇರುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಟ್ರೈನರ್ ಬದಲಾಯಿಸಿ ಎಂದು ಕೇಳಿದರೆ ಕೆಲಸ ಹೋಗುತ್ತದೆ ಎಂದು ನಮ್ಮವರು ಹೆದರುತ್ತಾರೆ. ಹೆದರಬೇಡಿ. ಸರಿಯಾಗಿ ಕಲಿಯದೆ ಒಬ್ಬರೇ ಗಾಡಿ ಹಿಡಿಯುವುದು ಅದಕ್ಕಿಂತ ದೊಡ್ಡ ಅಪಾಯ.

ಒಬ್ಬರೇ ಓಡಿಸುವಾಗ

ದಿನಕ್ಕೆ 11 ಗಂಟೆ ಓಡಿಸಬಹುದು. ಕೆಲಸ ಶುರುವಾದ 14 ಗಂಟೆಯ ಒಳಗೆ ಅದು ಮುಗಿಯಬೇಕು. ಎಂಟು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು, ಕೊನೆಗೆ 10 ಗಂಟೆ ವಿಶ್ರಾಂತಿ. ಎಂಟು ದಿನಕ್ಕೆ 70 ಗಂಟೆ ಕೆಲಸ, ಆಮೇಲೆ 34 ಗಂಟೆ ಬಿಡುವು ತೆಗೆದುಕೊಂಡರೆ ಲೆಕ್ಕ ಹೊಸದು. ಇದನ್ನೆಲ್ಲ ಗಾಡಿಯಲ್ಲಿರುವ ಎಲೆಕ್ಟ್ರಾನಿಕ್ ಯಂತ್ರವೇ ಬರೆಯುತ್ತದೆ. ಊರಿನ ಹಾಗೆ ಟೀ ಕುಡಿದು ರಾತ್ರಿಯಿಡೀ ಎಳೆಯುವುದು ಇಲ್ಲಿ ಇಲ್ಲ, ಒಳ್ಳೆಯದೇ ಆಯಿತು. ಮಧ್ಯಾಹ್ನವೇ ರಾತ್ರಿ ನಿಲ್ಲಿಸುವ ಜಾಗ ಯೋಚಿಸಿ. ಸಂಜೆ ಆರು ಏಳರ ಮೇಲೆ ಟ್ರಕ್ ಸ್ಟಾಪುಗಳಲ್ಲಿ ಜಾಗ ಸಿಗುವುದು ಕಷ್ಟ.

ಸಂಬಳ ಮೈಲಿಗೆ ಇಷ್ಟು ಸೆಂಟ್ ಎಂದಿರುತ್ತದೆ. ಗಾಡಿ ನಿಂತರೆ ಸಂಬಳವೂ ನಿಲ್ಲುತ್ತದೆ. ಗೋದಾಮಿನಲ್ಲಿ ಕಾದದ್ದಕ್ಕೆ ಎಷ್ಟು, ಎಷ್ಟು ಗಂಟೆಯ ನಂತರ ಎಂದು ಕರಾರಿನಲ್ಲೇ ನೋಡಿರಿ. ಸರ್ಕಾರದ ಕಾರ್ಮಿಕ ಅಂಕಿ ಅಂಶ ಇಲಾಖೆಯ ಪ್ರಕಾರ 2023ರ ಮೇ ತಿಂಗಳಲ್ಲಿ ದೊಡ್ಡ ಟ್ರಕ್ ಚಾಲಕರ ನಡುಮಟ್ಟದ ವರ್ಷದ ಸಂಬಳ 54,320 ಡಾಲರ್. ಅದರಲ್ಲಿ ಇಪ್ಪತ್ತು ವರ್ಷದ ಅನುಭವಸ್ಥರೂ ಸೇರಿದ್ದಾರೆ. ಮೊದಲ ವರ್ಷ ಅದಕ್ಕಿಂತ ಕಡಿಮೆ ಎಂದೇ ಲೆಕ್ಕ ಹಾಕಿ ಮನೆ ಬಾಡಿಗೆ ನೋಡಿಕೊಳ್ಳಿ.

ಫೋನಿನ ಸಾಮಾನ್ಯ ಮ್ಯಾಪ್ ನಂಬಿ ಹೋಗಬೇಡಿ. ಟ್ರೇಲರ್ ಎತ್ತರ 13 ಅಡಿ 6 ಇಂಚು. ನ್ಯೂಯಾರ್ಕ್ ಕಡೆಯ ಪಾರ್ಕ್‌ವೇಗಳಿಗೆ ಟ್ರಕ್ ಹೋಗುವ ಹಾಗೇ ಇಲ್ಲ, ಸೇತುವೆಗಳು ತಗ್ಗು. ಟ್ರಕ್ಕಿಗೆಂದೇ ಇರುವ ಜಿಪಿಎಸ್, ಜೊತೆಗೆ ರ್‍ಯಾಂಡ್ ಮೆಕ್‌ನಾಲಿಯ ಟ್ರಕ್ ನಕ್ಷೆ ಪುಸ್ತಕ ಇಟ್ಟುಕೊಳ್ಳಿ.

ಊಟದ ಚಿಂತೆ ಎಲ್ಲರಿಗೂ ಇರುತ್ತದೆ. ಗಾಡಿಯ ಕರೆಂಟಿನಲ್ಲೇ ನಡೆಯುವ ಸಣ್ಣ ರೈಸ್ ಕುಕ್ಕರ್ ಸಿಗುತ್ತದೆ. ನನ್ನ ಹೆಂಡತಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಸಾರಿನ ಪುಡಿ ಕಟ್ಟಿಕೊಡುತ್ತಾಳೆ. ಅನ್ನ ಒಂದು ಆದರೆ ಊಟ ಆದ ಹಾಗೆ. ಐ-40 ಹೆದ್ದಾರಿಯಲ್ಲಿ ಓಕ್ಲಹೋಮ, ಟೆಕ್ಸಸ್ ಕಡೆ ಪಂಜಾಬಿ ಢಾಬಾಗಳಿವೆ. ಬಿಸಿ ರೊಟ್ಟಿ, ದಾಲ್, ಜೊತೆಗೆ ನಾಲ್ಕು ಮಾತು. ಸರ್ದಾರ್ಜಿಗಳು ಈ ಕೆಲಸದಲ್ಲಿ ಹಳಬರು. ರಸ್ತೆಯ ಸುದ್ದಿ, ಯಾವ ಕಂಪನಿ ಹೇಗೆ ಎಂಬುದನ್ನೆಲ್ಲ ಅವರಿಂದಲೇ ಕಲಿತೆ.

ವರ್ಷ ಮುಗಿದಾಗ

ಕರಾರು ಮುಗಿದ ಮಾರನೇ ದಿನವೇ ಬಿಟ್ಟು ಓಡಬೇಕೆಂದಿಲ್ಲ. ಆದರೆ ಬಿಡುವುದಾದರೆ ಕ್ರಮವಾಗಿ ಬಿಡಿ. ಎಲ್ಲೋ ನಡುದಾರಿಯಲ್ಲಿ ಗಾಡಿ ನಿಲ್ಲಿಸಿ ಬಂದುಬಿಟ್ಟರೆ ಅದು ನಿಮ್ಮ ಕೆಲಸದ ದಾಖಲೆಯಲ್ಲಿ ಸೇರುತ್ತದೆ. ಚಾಲಕರು ಅದನ್ನು ಡ್ಯಾಕ್ ರಿಪೋರ್ಟ್ ಅನ್ನುತ್ತಾರೆ. ಮುಂದಿನ ಕಂಪನಿ ಅದನ್ನು ನೋಡುತ್ತದೆ. ಎರಡು ವಾರ ಮೊದಲು ಬರಹದಲ್ಲಿ ತಿಳಿಸಿ. ಗಾಡಿಯನ್ನು ಅವರ ಟರ್ಮಿನಲ್‌ಗೇ ತಂದು, ಒಳಗೆ ಹೊರಗೆ ಗುಡಿಸಿ ಒರೆಸಿ, ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಕೀಲಿ ಯಾರ ಕೈಗೆ ಕೊಟ್ಟಿರಿ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಶಾಲೆಯ ಸಾಲ ಪೂರ್ತಿ ತೀರಿದೆ ಎಂದು ಕಂಪನಿಯ ಕಾಗದದಲ್ಲಿ ಒಂದು ಪತ್ರ ಕೇಳಿ ಪಡೆಯಿರಿ. ನನ್ನ ಪತ್ರ ಬರಲು ಐದು ವಾರ ಹಿಡಿಯಿತು, ಆರು ಸಲ ಫೋನ್ ಮಾಡಿದೆ. ಅದು ಈಗ ಮನೆಯಲ್ಲಿ ಗ್ರೀನ್ ಕಾರ್ಡಿನ ಕಾಗದಗಳ ಜೊತೆ ಒಂದೇ ಫೈಲಿನಲ್ಲಿದೆ.